ಆಯಾಸ ಅಂದರೆ ಆಯಾಸ ಅಲ್ಲ

2018ರ ಜುಲೈ. ಶಿಡ್ಲಘಟ್ಟದ ಒಂದು ಫಿಲೇಚರ್‌ನಲ್ಲಿ, ಅಂದರೆ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ, ಬಿಳಿ ಏಪ್ರನ್ ಹಾಕಿಕೊಂಡು ಫಾರಂ ಕಟ್ಟು ಹಿಡಿದು ನಿಂತಿದ್ದೆ. ಆಗ ಎಂಬಿಬಿಎಸ್ ಎರಡನೇ ವರ್ಷ. ಬೇಸಿನ್ ಮುಂದೆ ಕೂತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. "ಉಸಿರಾಟದ ತೊಂದರೆ ಇದೆಯಾ?" ಇಲ್ಲ. "ಕೆಮ್ಮು?" ಇಲ್ಲ. "ಕೈ ಚರ್ಮಕ್ಕೆ ಏನಾದ್ರೂ?" ಇಲ್ಲ. ಹಾಗೆ ಹೇಳುವಾಗ ಅವರ ಕೈ ಬಿಸಿ ನೀರಿನಲ್ಲೇ ಇತ್ತು. ಬೆರಳ ತುದಿ ನೆನೆದು ಬೆಳ್ಳಗಾಗಿ ಸುಲಿದಿತ್ತು. ಎರಡು ಹೆಜ್ಜೆ ಆಚೆ ಮಾಲೀಕರು ನಿಂತಿದ್ದರು.

ಆ ದಿನ ಹನ್ನೊಂದು ಫಾರಂ ತುಂಬಿಸಿದೆ. ಹನ್ನೊಂದೂ ಕೆಲಸಕ್ಕೆ ಬಾರದವು. ಸಂಜೆ ಚಿಂತಾಮಣಿ ಬಸ್ಸಿನಲ್ಲಿ ಕೂತು ನೋಡಿದರೆ, ಶಿಡ್ಲಘಟ್ಟದ ರೇಷ್ಮೆ ಕಾರ್ಮಿಕರಷ್ಟು ಆರೋಗ್ಯವಂತರು ಲೋಕದಲ್ಲೇ ಇಲ್ಲ ಅನ್ನುವ ಹಾಗಿತ್ತು ಲೆಕ್ಕ.

ಇದಕ್ಕೆ ಕೈ ಹಾಕಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ದೊಡ್ಡ ಆಸೆ ಏನೂ ಇರಲಿಲ್ಲ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಎಸ್‌ಟಿಎಸ್ (ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್) ಅಂತ ಒಂದು ಯೋಜನೆಯನ್ನು 1979ರಿಂದ ನಡೆಸುತ್ತಾ ಬಂದಿದ್ದಾರೆ. ಎಂಬಿಬಿಎಸ್ ವಿದ್ಯಾರ್ಥಿ ಒಬ್ಬ ಗೈಡ್ ಜೊತೆ ಎರಡು ತಿಂಗಳು ಸಂಶೋಧನೆ ಮಾಡಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾದರೆ ಸರ್ಟಿಫಿಕೇಟು, ಜೊತೆಗೆ ದುಡ್ಡು. ನಮ್ಮ ಕಾಲಕ್ಕೆ ಅದು 20,000 ರೂಪಾಯಿ. ಆಮೇಲೆ 50,000 ಮಾಡಿದರು. ರೂಂಮೇಟ್ ಅರ್ಜಿ ಹಾಕಿದಳು, ನಾನೂ ಹಾಕಿದೆ. ಅವಳದ್ದು ಆಯ್ಕೆ ಆಗಲಿಲ್ಲ, ನನ್ನದು ಆಯಿತು. ಅವಳು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ವಿಷಯ ಮಾತ್ರ ನನ್ನದೇ. ಊರು ಚಿಂತಾಮಣಿ ಕಡೆ. ಅಜ್ಜಿ ಮನೆಯಲ್ಲಿ ಹುಳ ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ, ಗೂಡು ಬಿಡಿಸುವುದು ಎಲ್ಲ ಗೊತ್ತಿತ್ತು. ಗೂಡು ಮಾರುಕಟ್ಟೆಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ಬಸ್ಸು ಶಿಡ್ಲಘಟ್ಟ ದಾಟುವಾಗ ಬೆಂದ ಹುಳದ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಅಷ್ಟೇ. ದಿನವಿಡೀ ಆ ಹಬೆಯಲ್ಲಿ ಕೂರುವವರ ಶ್ವಾಸಕೋಶ ಹೇಗಿರಬಹುದು? ರೇಷ್ಮೆ ಎಳೆಯ ಮೇಲೆ ಸೆರಿಸಿನ್ ಅನ್ನುವ ಗೋಂದು ಇರುತ್ತದೆ. ಗೂಡನ್ನು ಬಿಸಿ ನೀರಿಗೆ ಹಾಕುವುದೇ ಅದು ಸಡಿಲವಾಗಲಿ ಅಂತ. ಆ ಗೋಂದು ಕೆಲವರಿಗೆ ಅಲರ್ಜಿ ಆಗಿ ಉಬ್ಬಸ ತರುತ್ತದೆ ಅನ್ನುವುದು ವೈದ್ಯರಿಗೆ ಮೊದಲಿಂದ ಗೊತ್ತಿರುವ ವಿಷಯ. ಮೇಲಿಂದ ಸೌದೆ ಹೊಗೆ.

ಗೈಡ್ ನಮ್ಮ ಕಮ್ಯೂನಿಟಿ ಮೆಡಿಸಿನ್ ಮೇಡಂ. ಮೊದಲ ಭೇಟಿಯಲ್ಲೇ ಕೇಳಿದರು, "ಎಷ್ಟು ಜನರನ್ನ ನೋಡ್ತೀಯ?" ಪಿಎಸ್‌ಎಂ, ಅಂದರೆ ಈ ಕಮ್ಯೂನಿಟಿ ಮೆಡಿಸಿನ್, ಓದಿದವರಿಗೆಲ್ಲ ಆ ಸೂತ್ರ ಬಾಯಿಪಾಠ: 4ಪಿಕ್ಯೂ ಭಾಗಿಸು ಡಿ ವರ್ಗ. ತೊಂದರೆ ನೂರಕ್ಕೆ ಎಷ್ಟು ಜನರಿಗೆ ಇರಬಹುದು ಅನ್ನುವುದು ಪಿ, ಉಳಿದವರು ಕ್ಯೂ. ಡಿ ಅಂದರೆ ಎಷ್ಟು ತಪ್ಪಾದರೆ ಪರವಾಗಿಲ್ಲ ಅಂತ ನಾವೇ ಇಟ್ಟುಕೊಳ್ಳುವ ಅಳತೆ. ಪಿ ಗೊತ್ತಿಲ್ಲದಾಗ 50 ಅಂತ ಹಿಡಿಯುತ್ತಾರೆ. ಡಿ 5 ಇಟ್ಟರೆ 400 ಜನ ಬೇಕು. 10 ಇಟ್ಟರೆ 100 ಸಾಕು. ನಾನು ಜಂಬದಿಂದ 400 ಅಂದೆ. ಮೇಡಂ ನಕ್ಕರು. "ಎರಡು ತಿಂಗಳು, ನೀನೊಬ್ಬಳೇ, ಮಧ್ಯೆ ಇಂಟರ್ನಲ್ಸ್. 100 ಇಟ್ಕೋ." ವಿಜ್ಞಾನದ ಲೆಕ್ಕ ಅಂತ ನಾನು ತಿಳಿದಿದ್ದು ಅರ್ಧ ಬಸ್ ಚಾರ್ಜಿನ ಲೆಕ್ಕ ಅಂತ ಅವತ್ತೇ ಗೊತ್ತಾಯಿತು. ಇದನ್ನು ಕ್ಲಾಸಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಜನರ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ನನ್ನ ಒಪ್ಪಿಗೆ ಪತ್ರವನ್ನು ಎರಡು ಸಲ ವಾಪಸ್ ಕಳಿಸಿದರು. ಮೊದಲನೇ ಸಲ ಬೇಜಾರಾಗಿತ್ತು. ಈಗ ನೋಡಿದರೆ ಅವರು ಹೇಳಿದ್ದು ಸರಿ. "ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಭಾಗವಹಿಸಲು" ಅಂತ ಬರೆದಿದ್ದೆ. ಕೋರ್ಟ್ ನೋಟಿಸ್ ಥರ. "ನಿಮಗೆ ಇಷ್ಟ ಇದ್ದರೆ ಮಾತ್ರ ಉತ್ತರ ಕೊಡಿ, ಮಧ್ಯದಲ್ಲಿ ಬೇಡ ಅನ್ನಿಸಿದರೆ ನಿಲ್ಲಿಸಬಹುದು" ಅಂತ ಮಾಡಿದ ಮೇಲೆ ಒಪ್ಪಿದರು. ಓದು ಬಾರದವರಿಗೆ ಓದಿ ಹೇಳಬೇಕು, ಹೆಬ್ಬೆಟ್ಟು ಹಾಕಿಸಬೇಕು, ಪಕ್ಕದಲ್ಲಿ ನಮ್ಮ ಕಡೆಯವರಲ್ಲದ ಒಬ್ಬ ಸಾಕ್ಷಿ ಇರಬೇಕು. ಕಾಗದದಲ್ಲಿ ಇದು ಒಂದು ಸಾಲು. ಬೀದಿಯಲ್ಲಿ ಸಾಕ್ಷಿ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಮತ್ತೆ ಆ ಹನ್ನೊಂದು ಫಾರಂಗೆ ಬರುತ್ತೇನೆ. ಮೇಡಂಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಏಪ್ರನ್ ಹಾಕ್ಕೊಂಡು ಹೋಗಿದ್ಯಾ?" ಹೂಂ ಅಂದೆ. "ಮಾಲೀಕರ ಎದುರಿಗೇ ಕೇಳಿದ್ಯಾ?" ಅದಕ್ಕೂ ಹೂಂ. ಆ ಕಡೆಯಿಂದ ನಿಟ್ಟುಸಿರು ಬಂತು.

ಮರುದಿನದಿಂದ ಏಪ್ರನ್ ಬ್ಯಾಗಿನಲ್ಲೇ ಉಳಿಯಿತು. ಫಿಲೇಚರ್‌ನಲ್ಲಿ ಪರಿಚಯ ಮಾತ್ರ, ಪ್ರಶ್ನೆಗಳೆಲ್ಲ ಸಂಜೆ ಅವರ ಮನೆಯಲ್ಲಿ. ನಾನು ಹೋಗುತ್ತಿದ್ದ ಕಡೆ ಹೆಚ್ಚಿನವು ಶುಕ್ರವಾರ ಬಾಗಿಲು ಹಾಕುತ್ತಿದ್ದವು, ಹಾಗಾಗಿ ಶುಕ್ರವಾರ ನನಗೆ ಹಬ್ಬ. ಆ ವಾರ್ಡಿನ ಆಶಾ ಕಾರ್ಯಕರ್ತೆ ಜೊತೆಗೆ ಬಂದರು. ನಾನು ಅಕ್ಕ ಅನ್ನುತ್ತಿದ್ದೆ. ಅವರಿಗೆ ಕನ್ನಡ, ತೆಲುಗು, ಉರ್ದು ಮೂರೂ ನೀರು ಕುಡಿದ ಹಾಗೆ. ನನ್ನ ತೆಲುಗು ಸಂತೆ ತೆಲುಗು, ಉರ್ದು ಅಂತೂ ಸೊನ್ನೆ. ಫಾರಂ ಇದ್ದದ್ದು ಕನ್ನಡದಲ್ಲಿ. ನಮ್ಮ ಸೀಮೆಯಲ್ಲಿ ಅದೊಂದೇ ಸಾಲದು ಅನ್ನುವುದು ಇಲ್ಲೇ ಹುಟ್ಟಿ ಬೆಳೆದ ನನಗೇ ಹೊಳೆದಿರಲಿಲ್ಲ.

ಎರಡು ವಾರ ಕಳೆದಿತ್ತು. ಮೂವತ್ತಕ್ಕೂ ಹೆಚ್ಚು ಜನ ಆಗಿದ್ದರು. ತೆಲುಗು ಮನೆಮಾತಿನ ಒಬ್ಬರು ತಮಗೆ "ಆಯಾಸಂ" ಅಂದರು. ನಾನು 'ಸುಸ್ತು' ಅನ್ನುವ ಕಡೆ ಟಿಕ್ ಹಾಕಿದೆ. ಅಕ್ಕ ನನ್ನ ಫಾರಂ ನೋಡುತ್ತಿದ್ದರು. "ಮೇಡಂ, ಇವರು ಸುಸ್ತು ಅನ್ನಲಿಲ್ಲ. ದಮ್ಮು ಬರುತ್ತೆ ಅಂತಿದ್ದಾರೆ."

ಕನ್ನಡದಲ್ಲಿ ಆಯಾಸ ಅಂದರೆ ದಣಿವು. ತೆಲುಗಿನಲ್ಲಿ ಆಯಾಸಂ ಅಂದರೆ ಏದುಸಿರು. ಒಂದೇ ಮಾತು, ಒಂದು ಬಸ್ ಸ್ಟಾಪ್ ದಾಟಿದರೆ ಬೇರೆ ಕಾಯಿಲೆ. ಅಲ್ಲಿವರೆಗಿನ ಫಾರಂ ಎಲ್ಲ ತೆಗೆದು ನೋಡಿದೆ. ಸುಸ್ತು ಅಂತ ಟಿಕ್ ಹಾಕಿದ್ದ ಒಂಬತ್ತು ಜನ ತೆಲುಗಿನವರು. ಒಂಬತ್ತೂ ಮನೆಗೆ ಮತ್ತೆ ಹೋದೆವು. ಆರು ಜನ ಹೇಳಿದ್ದು ಉಸಿರಿನ ಬಗ್ಗೆ. ಇನ್ನೊಬ್ಬರು ಎದೆಯಲ್ಲಿ "ಪಿಲ್ಲಿಕೂತಲು" ಬರುತ್ತವೆ ಅಂದಿದ್ದನ್ನು ನಾನು ಮನೆಯ ಬೆಕ್ಕಿನ ವಿಷಯ ಅಂತ ತಿಳಿದು ಬರೆದೇ ಇರಲಿಲ್ಲ. ಅದು ವೀಜಿಂಗ್. ಎದೆಯೊಳಗೆ ಬೆಕ್ಕಿನ ಮರಿ ಕೂಗಿದ ಹಾಗೆ ಸುಂಯ್ ಸುಂಯ್ ಅನ್ನುವ ಶಬ್ದ. ಇದಕ್ಕಿಂತ ಚೆನ್ನಾಗಿ ಯಾವ ಟೆಕ್ಸ್ಟ್‌ಬುಕ್ಕೂ ಹೇಳಿಲ್ಲ.

ಪ್ರಶ್ನೆಪಟ್ಟಿಗೆ ಮೂರು ಭಾಷೆಯ ಮಾತುಗಳನ್ನು ಸೇರಿಸಿದೆವು. ಹಾಗೆ ಸೇರಿಸಬೇಕಾದರೂ ಎಥಿಕ್ಸ್ ಕಮಿಟಿಗೆ ಮತ್ತೆ ಪತ್ರ ಬರೆದು ಒಪ್ಪಿಗೆ ತಗೊಳ್ಳಬೇಕು. ಐದು ದಿನ ಸುಮ್ನೆ ಮನೆಯಲ್ಲಿ ಕೂತೆ. ಮೊದಲೇ ಹತ್ತು ಜನರ ಹತ್ತಿರ ಪ್ರಯತ್ನ ಮಾಡಿ ನೋಡಿದ್ದರೆ ಇದೆಲ್ಲ ಬೇಕಿರಲಿಲ್ಲ. ಪೈಲಟ್ ಸ್ಟಡಿ ಅಂತ ಪುಸ್ತಕದಲ್ಲಿ ಇರುವುದು ಅದಕ್ಕೇ. ನಾನು ಅದನ್ನು ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದಿದ್ದೆ, ಮಾಡಿರಲಿಲ್ಲ.

ಪೀಕ್ ಫ್ಲೋ ಮೀಟರ್ ಕಥೆ ಬೇರೆ. ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಅಂತ ಅಳೆಯುವ, ಅಂಗೈ ಉದ್ದದ ಪ್ಲಾಸ್ಟಿಕ್ ಕೊಳವೆ. ದೀರ್ಘ ಉಸಿರು ಎಳೆದುಕೊಂಡು ಒಂದೇ ಏಟಿಗೆ ಜೋರಾಗಿ ಊದಬೇಕು. ಮೂರು ಸಲ ಊದಿಸಿ ಜಾಸ್ತಿ ಬಂದದ್ದನ್ನು ಬರೆದುಕೊಳ್ಳಬೇಕು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ಒಲೆ ಊದುವ ಹಾಗೆ ಮೆಲ್ಲಗೆ ಊದುತ್ತಿದ್ದರು. ಕೊನೆಗೆ ಅವರ ಮಕ್ಕಳಿಗೆ ಮೊದಲು ಊದಲು ಕೊಟ್ಟು ಪಂದ್ಯ ಕಟ್ಟಿದೆ. ಆಮೇಲೆ ಅಮ್ಮಂದಿರು ಬಿಡುತ್ತಾರಾ? ಆ ಕಾಗದದ ಮೌತ್‌ಪೀಸ್‌ಗಳು ಒಬ್ಬೊಬ್ಬರಿಗೂ ಹೊಸದು ಬೇಕು, ಎಲ್ಲ ಕೈಯಿಂದಲೇ ಖರ್ಚು. ದುಡ್ಡು ಬರುವುದು ವರದಿ ಮುಗಿದ ಮೇಲೆ ತಾನೇ.

ನಡುವೆ ಒಬ್ಬ ಸೀನಿಯರ್ ಉಪದೇಶ ಕೊಟ್ಟ. "ಅರವತ್ತು ಮಾಡಿದೀಯಲ್ಲ, ಉಳಿದ ನಲವತ್ತು ಹಾಸ್ಟೆಲ್ ರೂಮಲ್ಲೇ ತುಂಬು. ಯಾರು ಬಂದು ಎಣಿಸ್ತಾರೆ?" ಅವನು ತಮಾಷೆ ಮಾಡುತ್ತಿರಲಿಲ್ಲ. ನನಗೆ ಆಸೆ ಆಗಲಿಲ್ಲ ಅಂತ ಹೇಳಿದರೆ ಸುಳ್ಳು. ಜ್ವರ ಬಂದಿತ್ತು, ಪೋಸ್ಟಿಂಗ್ ತಪ್ಪಿತ್ತು, ಅಟೆಂಡೆನ್ಸ್ ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ತಡೆದದ್ದು ಆದರ್ಶ ಅಲ್ಲ, ಆ ಒಂಬತ್ತು ಫಾರಂ. ನಿಜವಾಗಿ ಕೇಳಿ ಬರೆದದ್ದೇ ಇಷ್ಟು ತಪ್ಪಾಗಿರುವಾಗ ಕೇಳದೆ ಬರೆದದ್ದು ಏನಾಗಬಹುದು?

ಸಂಶೋಧನೆಯ ಭಾಷಣಗಳಲ್ಲಿ ಲ್ಯಾಂಗರ್‌ಹಾನ್ಸ್ ಹೆಸರು ತಪ್ಪದೆ ಬರುತ್ತದೆ. 1869ರಲ್ಲಿ ಬರ್ಲಿನ್‌ನಲ್ಲಿ ಇನ್ನೂ ವಿದ್ಯಾರ್ಥಿ ಆಗಿದ್ದಾಗಲೇ ಮೇದೋಜೀರಕ ಗ್ರಂಥಿಯೊಳಗೆ ದ್ವೀಪಗಳ ಹಾಗಿರುವ, ಈಗ ಅವನದೇ ಹೆಸರಿರುವ ಜೀವಕೋಶದ ಗುಂಪುಗಳನ್ನು ಕಂಡವನು. ಸಂತೋಷ. ಅವನಿಗೆ ನೀಟ್ ಪಿಜಿ ಇರಲಿಲ್ಲ. ನಮ್ಮಲ್ಲಿ ಪಿಜಿ ಸೀಟು ಸಿಗುವುದು ಒಂದು ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ. ಅದರಲ್ಲಿ ನನ್ನ ಎರಡು ತಿಂಗಳಿಗೆ ಒಂದು ಮಾರ್ಕೂ ಇಲ್ಲ. ಹಾಗಿರುವಾಗ ಜೂನಿಯರ್‌ಗಳಿಗೆ "ಎಲ್ಲರೂ ಮಾಡಿ" ಅಂತ ನಾನು ಹೇಳುವುದಿಲ್ಲ. ಕಡ್ಡಾಯ ಮಾಡಿದರೆ ಹಾಸ್ಟೆಲ್ ರೂಮಿನ ಫಾರಂಗಳು ಜಾಸ್ತಿ ಆಗುತ್ತವೆ, ಅಷ್ಟೇ. ಕೇಳಲು ಬಂದವರಿಗೆ ಮಾತ್ರ ಹೇಳುತ್ತೇನೆ: ಮೊದಲು ಗೈಡ್ ನೋಡು, ಆಮೇಲೆ ವಿಷಯ. ಫೋನ್ ಎತ್ತುವ ಗೈಡ್ ಸಿಕ್ಕರೆ ಅರ್ಧ ಕೆಲಸ ಆಯಿತು. ಮನೆಗೆ ಹತ್ತಿರದ ಜಾಗ ಹಿಡಿ. ಲೇಖನ ಬರೆಯಲು ಕೂರುವ ಮೊದಲೇ ಅದರಲ್ಲಿ ಯಾರ ಹೆಸರು ಇರುತ್ತದೆ, ಯಾವ ಕ್ರಮದಲ್ಲಿ ಅಂತ ಮಾತಾಡಿಕೋ. ನಾನು ಮಾತಾಡಿಕೊಳ್ಳಲಿಲ್ಲ. ಕೊನೆಗೆ, ಶಿಡ್ಲಘಟ್ಟ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲದ ಒಬ್ಬರ ಹೆಸರು ನನ್ನ ಹೆಸರಿಗಿಂತ ಮೇಲೆ ಬಂತು. ಎರಡು ಭಾಷೆ ನೋಡಿಕೊಟ್ಟ ಆಶಾ ಅಕ್ಕನಿಗೆ ಕೊನೆಯಲ್ಲಿ ಒಂದು ಸಾಲಿನ ಧನ್ಯವಾದ.

ಫಲಿತಾಂಶ? ಕೈ ಚರ್ಮದ ತೊಂದರೆ ಹುಡುಕಬೇಕಾಗಿಯೇ ಇರಲಿಲ್ಲ. ಉಸಿರಿನದು ಮಾತ್ರ ತಲೆ ತಿನ್ನಿತು. ಜಾಸ್ತಿ ವರ್ಷ ಕೆಲಸ ಮಾಡಿದವರ ಪೀಕ್ ಫ್ಲೋ ಕಡಿಮೆ ಇರುತ್ತದೆ ಅಂತ ನನ್ನ ಊಹೆ. ವಯಸ್ಸು, ಎತ್ತರ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ಅಂಥ ವ್ಯತ್ಯಾಸ ಕಾಣಲಿಲ್ಲ. ಪಿ ವ್ಯಾಲ್ಯೂ 0.05ರ ಮೇಲೆ ಕೂತಿತ್ತು, ಅಂದರೆ ಕಂಡ ಅಲ್ಪಸ್ವಲ್ಪ ವ್ಯತ್ಯಾಸ ಬರೀ ಆಕಸ್ಮಿಕವೂ ಇರಬಹುದು. ಎರಡು ತಿಂಗಳು ಅಲೆದು ಕಂಡುಹಿಡಿದದ್ದು 'ಏನೂ ಇಲ್ಲ' ಅಂತಲಾ ಎಂದು ಅಳು ಬಂತು.

ಕೊನೆಯ ವಾರ ಒಬ್ಬ ಹುಡುಗಿಯ ಮನೆಯಲ್ಲಿ ಕೂತಿದ್ದೆ. ಒಳಗಿಂದ ಅವಳ ಅತ್ತೆ ಬಂದರು. ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ನಿಂತರು. "ಇವರೂ ಫಿಲೇಚರ್‌ಗೆ ಹೋಗ್ತಾರಾ?" ಅಂದೆ. "ಹದಿನೆಂಟು ವರ್ಷ ಹೋದೆ ಡಾಕ್ಟರಮ್ಮ," ಅಂತ ಅವರೇ ಹೇಳಿದರು. "ದಮ್ಮು ಕಟ್ಟೋಕೆ ಶುರು ಆಯ್ತು, ಬಿಟ್ಟೆ. ಈಗ ಮನೇಲಿ ಹೂ ಕಟ್ತೀನಿ." ನನ್ನ ನಿಯಮದ ಪ್ರಕಾರ ಈಗ ಕೆಲಸದಲ್ಲಿ ಇರುವವರನ್ನು ಮಾತ್ರ ಸೇರಿಸಬೇಕಿತ್ತು. ಅವರ ಹೆಸರು ನನ್ನ ನೂರರಲ್ಲಿ ಬರುವಂತೆಯೇ ಇರಲಿಲ್ಲ.

ರಾತ್ರಿ ಮೇಡಂಗೆ ಹೇಳಿದೆ. "ಕಾಯಿಲೆ ಆದವರು ಬಿಟ್ಟು ಹೋಗ್ತಾರೆ, ತಡ್ಕೊಳ್ಳೋರು ಉಳೀತಾರೆ. ನೀನು ಉಳಿದವರನ್ನ ಅಳೆದು ಬಂದಿದೀಯ," ಅಂದರು. ಇದಕ್ಕೆ ಹೆಲ್ತಿ ವರ್ಕರ್ ಎಫೆಕ್ಟ್ ಅಂತ ಹೆಸರು. ಪುಸ್ತಕದಲ್ಲಿ ಓದಿದ್ದೆ. ಅದು ಹೂ ಕಟ್ಟುತ್ತಾ ಬಾಗಿಲಲ್ಲಿ ಕೂತಿರುತ್ತದೆ ಅಂತ ಗೊತ್ತಿರಲಿಲ್ಲ.

ವರದಿ ಒಪ್ಪಿಗೆ ಆಯಿತು. ಲೇಖನವನ್ನು ಎರಡು ಪತ್ರಿಕೆಗಳು ವಾಪಸ್ ಕಳಿಸಿದವು. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ದುಡ್ಡು ಕಟ್ಟಿ ಅನ್ನುವ ಇ-ಮೇಲ್‌ಗಳು ಮಾತ್ರ ಇವತ್ತಿಗೂ ಬರುತ್ತಿವೆ. ಅವರ ಪ್ರಕಾರ ನಾನು ಪ್ರಖ್ಯಾತ ವಿಜ್ಞಾನಿ. ಒಂದು ಸಮ್ಮೇಳನದಲ್ಲಿ ಪೋಸ್ಟರ್ ಆಗಿ ನಿಂತಿತು, ಅಲ್ಲಿಗೆ ಮುಗಿಯಿತು.

ಈಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದ್ದೇನೆ. ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ "ನಿನ್ನ ಕಸುಬು ಏನು?" ಅನ್ನುವುದನ್ನೂ ಸೇರಿಸಿ ಅಂತ ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲೇ ಬರೆದಿಟ್ಟಿದ್ದ. ನಾನು ಅದಕ್ಕೆ ಇನ್ನೊಂದು ಸೇರಿಸಿಕೊಂಡಿದ್ದೇನೆ: "ಮೊದಲು ಏನು ಕೆಲಸ ಮಾಡ್ತಿದ್ರಿ? ಯಾಕೆ ಬಿಟ್ರಿ?" ಒಪಿಡಿ ಸಾಲು ಇದರಿಂದ ಸ್ವಲ್ಪ ನಿಧಾನ ಆಗುತ್ತದೆ. ನಮ್ಮ ಫಾರ್ಮಸಿಸ್ಟ್‌ಗೆ ಇದು ಇಷ್ಟ ಇಲ್ಲ.

ಹೋದ ವರ್ಷ ಊರಿಗೆ ಹೋದಾಗ ವರದಿಯ ಪ್ರತಿ ಹಿಡಿದು ಆ ಅತ್ತೆಯ ಮನೆಗೆ ಹೋದೆ. ಫಲಿತಾಂಶ ತಿಳಿಸುತ್ತೇನೆ ಅಂತ ಒಪ್ಪಿಗೆ ಪತ್ರದಲ್ಲಿ ಬರೆದಿದ್ದೆ, ಇಷ್ಟು ವರ್ಷ ತಿಳಿಸಿರಲಿಲ್ಲ. ಸೊಸೆಗೆ ಅವಳ ಲೆಕ್ಕ ತೋರಿಸಿದೆ. "ನಂದೆಲ್ಲಿದೆ?" ಅಂದರು ಅತ್ತೆ. 'ಅಧ್ಯಯನದ ಮಿತಿಗಳು' ಅನ್ನುವ ಪುಟ ತೆಗೆದೆ. ಕೆಲಸ ಬಿಟ್ಟವರನ್ನು ಈ ಅಧ್ಯಯನದಲ್ಲಿ ಸೇರಿಸಿಕೊಂಡಿಲ್ಲ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಓದಿ, ನನ್ನ ಸಂತೆ ತೆಲುಗಿನಲ್ಲೂ ಹೇಳಿದೆ.

"ಇಷ್ಟೇನಾ?" ಅಂದರು. ಆಮೇಲೆ ಗೋಡೆಯ ಗೂಡಿನಿಂದ ಖಾಲಿ ಇನ್ಹೇಲರ್ ತಂದು ನನ್ನ ಕೈಗೆ ಕೊಟ್ಟರು. ಇದನ್ನ ಬರೆದುಕೊಡು, ಅಂಗಡಿಯವನು ಚೀಟಿ ಇಲ್ಲದೆ ಕೊಡಲ್ಲ ಅಂತಾನೆ.