ಕಾಲ್ ಆಫ್ ಅಂದ್ರೆ ಫೋನ್ ಅಲ್ಲ

ಮ್ಯಾಡ್ರಿಡ್‌ನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿ ಸರಗೋಸಾದವಳು. ಒಂದು ದಿನ ಆಫೀಸಿನಿಂದ ಅವಳಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬಂತು. ಮೀಟಿಂಗ್ 'ಕಾಲ್ಡ್ ಆಫ್' ಅಂತ. ಯಾರೋ ಕಾಲ್ ಮಾಡ್ತಾರೆ ಅಂದುಕೊಂಡು ಮಧ್ಯಾಹ್ನ ಪೂರ್ತಿ ಫೋನ್ ಹಿಡಿದು ಕೂತಿದ್ದಳು. ಮೀಟಿಂಗ್ ರದ್ದಾಗಿದೆ ಅಂತ ಸಂಜೆ ನಾನು ಬಂದು ಹೇಳಬೇಕಾಯಿತು.

ಆವತ್ತಿಂದ ನಮ್ಮ 'ಇಂಟೆರ್‌ಕಾಂಬಿಯೊ' ಶುರುವಾಯಿತು. ಅಲ್ಲಿ ಇದು ಮಾಮೂಲು. ಅರ್ಧ ಗಂಟೆ ಅವಳು ನನಗೆ ಸ್ಪ್ಯಾನಿಷ್ ಕಲಿಸಬೇಕು, ಅರ್ಧ ಗಂಟೆ ನಾನು ಅವಳಿಗೆ ಇಂಗ್ಲಿಷ್. ಅವಳು ಕೇಂಬ್ರಿಜ್‌ನ ಬಿ2 ಫಸ್ಟ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಳು. ನಾನೇನು ಇಂಗ್ಲಿಷ್ ಮೇಷ್ಟ್ರಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ.

ಅವಳಿಗೆ ಕಷ್ಟವಾಗಿದ್ದು ಫ್ರೇಸಲ್ ವರ್ಬ್‌ಗಳು, ಅಂದರೆ 'ಕಾಲ್ ಆಫ್' ತರ ಕ್ರಿಯಾಪದಕ್ಕೆ ಒಂದು ಪುಟ್ಟ ಪದ ಸೇರಿ ಅರ್ಥವೇ ಬದಲಾಗುವ ಮಾತುಗಳು. ಮೊದಲು ಅವುಗಳ ಪಟ್ಟಿ ಹಿಡಿದು ಕೂತೆವು. ಗೆಟ್ ಅಪ್, ಗೆಟ್ ಓವರ್, ಗೆಟ್ ಬೈ, ಹೀಗೆ ಬರೀ 'ಗೆಟ್'ನಿಂದಲೇ 40. ಎರಡು ವಾರ ಸುಮ್ನೆ ವ್ಯರ್ಥವಾಯಿತು. ಒಂದೇ ಮುಖದ 40 ಜನರ ಹೆಸರು ನೆನಪಿಟ್ಟುಕೊ ಅಂದ ಹಾಗೆ.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳಿಗೆ ಯಾವಾಗಲೂ ಒಂದು ಹಿಂಬಾಗಿಲು ಇರುತ್ತಿತ್ತು. ಪುಟ್ ಅಪ್ ವಿತ್, ಪುಟ್ ಆಫ್, ಪುಟ್ ಔಟ್ ಬದಲು ಬೇರೆ ಪದ ಹಾಕಿ ತಪ್ಪಿಸಿಕೊಳ್ಳುತ್ತಿದ್ದಳು. ಟಾಲರೇಟ್, ಪೋಸ್ಟ್‌ಪೋನ್, ಎಕ್ಸ್‌ಟಿಂಗ್ವಿಶ್, ಇವೆಲ್ಲ ಲ್ಯಾಟಿನ್‌ನಿಂದ ಬಂದ ಪದಗಳು. ಅವಳ ತೊಲೆರಾರ್, ಪೊಸ್‌ಪೊನೆರ್, ಎಕ್ಸ್‌ತಿಂಗಿರ್ ಕೂಡ ಅದೇ ಬೇರಿನವು. ನಮಗೆ ದೊಡ್ಡ ಇಂಗ್ಲಿಷ್ ಅನ್ನಿಸುವುದು ಅವಳಿಗೆ ಸಲೀಸು. ಆದರೆ ಅಡುಗೆಮನೆಯಲ್ಲಿ 'ಎಕ್ಸ್‌ಟಿಂಗ್ವಿಶ್ ದ ಲೈಟ್' ಅಂದರೆ ಹೇಗಿರುತ್ತೆ? ನಮ್ಮಲ್ಲಿ ಯಾರಾದರೂ 'ದೀಪವನ್ನು ನಂದಿಸು' ಅಂದ ಹಾಗೆ.

ಹಾಗಾಗಿ ನೋಟ್‌ಬುಕ್ಕನ್ನು ತಿರುಗಿಸಿದೆವು. ಎಡಗಡೆ ಅವಳು ಮನೆಯಲ್ಲಿ ನಿಜಕ್ಕೂ ಆಡುವ ಸ್ಪ್ಯಾನಿಷ್ ಮಾತು, ಬಲಗಡೆ ಇಂಗ್ಲಿಷ್. ಸಹಿಸಿಕೊಳ್ಳುವುದಕ್ಕೆ ತೊಲೆರಾರ್ ಬೇಡ, ಅಗ್ವಾಂತಾರ್ ಬರೆ. ಅದರ ಪಕ್ಕ 'ಪುಟ್ ಅಪ್ ವಿತ್'. ಬಿಟ್ಟುಬಿಡುವುದಕ್ಕೆ 'ದೆಹಾರ್ ದೆ', ಪಕ್ಕ 'ಗಿವ್ ಅಪ್'. 'ಯೆವಾರ್ಸೆ ಬಿಯೆನ್' ಪಕ್ಕ 'ಗೆಟ್ ಆನ್ ವಿತ್'. ಈ ಯೆವಾರ್ಸೆ ಬಿಯೆನ್ ಬಿಡಿಸಿದರೆ 'ತಮ್ಮನ್ನು ಚೆನ್ನಾಗಿ ಒಯ್ದುಕೊಳ್ಳುವುದು' ಅಂತಾಗುತ್ತೆ. ಹೊಂದಿಕೊಂಡು ಹೋಗುವುದಕ್ಕೂ ಒಯ್ಯುವುದಕ್ಕೂ ಏನು ಸಂಬಂಧ? ಅಲಾರ್ಮ್ ಹೊಡೆದರೆ ಸ್ಪ್ಯಾನಿಷ್‌ನಲ್ಲಿ 'ಸಾಲ್ತೊ ಲಾ ಅಲಾರ್ಮಾ', ಅಂದರೆ ಅಲಾರ್ಮ್ ಜಿಗಿಯಿತು! ಇದನ್ನು ತೋರಿಸಿದ ಮೇಲೆ, ಅಲಾರ್ಮ್ ಹೊಡೆಯಿತು ಅನ್ನುವುದಕ್ಕೆ ಇಂಗ್ಲಿಷಿನವರು ಹೇಳುವ 'ವೆಂಟ್ ಆಫ್' ಬಗ್ಗೆ ಅವಳ ಜಗಳ ನಿಂತಿತು. ಅಲ್ಲಿಯವರೆಗೂ ಅದನ್ನು 'ಅಲಾರ್ಮ್ ಆಫ್ ಆಯಿತು' ಅಂತಲೇ ತಿಳಿದಿದ್ದಳು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು 'ಈಟ್ ಅಪ್'. ಇಲ್ಲಿ 'ಅಪ್' ಮೇಲಕ್ಕೇನೂ ಹೋಗುವುದಿಲ್ಲ. ಕನ್ನಡದಲ್ಲಿ ತಿನ್ನು, ತಿಂದುಬಿಡು ಇದ್ದ ಹಾಗೆ. ನಮ್ಮ 'ಬಿಡು' ತಟ್ಟೆಯಲ್ಲಿ ಏನನ್ನೂ ಬಿಡುವುದಿಲ್ಲ, ಅಲ್ವಾ? ಸ್ಪ್ಯಾನಿಷ್‌ನಲ್ಲೂ ಕೊಮೆರ್ ಅಂದರೆ ತಿನ್ನು, ಕೊಮೆರ್ಸೆ ಅಂದರೆ ತಿಂದು ಮುಗಿಸು. ಅಷ್ಟು ಹೇಳಿದ್ದೇ ತಡ, 'ಡ್ರಿಂಕ್ ಅಪ್', 'ಯೂಸ್ ಅಪ್' ಎಲ್ಲ ಒಟ್ಟಿಗೇ ಅರ್ಥವಾದವು.

ಅರ್ಥವಾದರೂ ನಾಲಿಗೆ ಕೇಳಲಿಲ್ಲ. 'ಟರ್ನ್ ಇಟ್ ಆಫ್' ಅನ್ನಬೇಕಾದಲ್ಲಿ 'ಟರ್ನ್ ಆಫ್ ಇಟ್' ಅನ್ನುತ್ತಿದ್ದಳು. ಸ್ಪ್ಯಾನಿಷ್‌ನಲ್ಲಿ 'ಅದನ್ನು ಆರಿಸು' ಅಂದರೆ 'ಅಪಾಗಲೊ'. ಕೊನೆಯ 'ಲೊ'ನೇ 'ಅದನ್ನು'. ಹಾಗಾಗಿ 'ಇಟ್' ಕೂಡ ಬಾಲಕ್ಕೆ ಹೋಗುತ್ತಿತ್ತು. ನಿಯಮ ಹೇಳಿ ಪ್ರಯೋಜನ ಆಗಲಿಲ್ಲ. ಕೊನೆಗೆ ಮೂರು ಪದ ಸೇರಿಸಿ ಒಂದೇ ಪದ ಮಾಡಿದೆವು: ಟರ್ನಿಟಾಫ್, ಪಿಕಿಟಪ್, ಪುಟಿಟಾನ್. ಒತ್ತು ಕೊನೆಗೆ. ಕೆಲಸ ಮಾಡುತ್ತಲೇ ಹೇಳಬೇಕು. ಹೀಟರ್ ಆರಿಸುವಾಗ, ಸಾಕ್ಸ್ ಎತ್ತುವಾಗ, ಜಾಕೆಟ್ ಹಾಕುವಾಗ. ಪಕ್ಕದ ಮನೆಯವರು ಏನಂದುಕೊಂಡರೋ! ಕಿವಿಗೂ ಇದು ಒಳ್ಳೆಯದಾಯಿತು. ಇಂಗ್ಲಿಷ್ ಸೀರಿಯಲ್‌ಗಳಲ್ಲಿ ಅವಳು ಬಿಡಿಬಿಡಿಯಾಗಿ ಮೂರು ಪದ ಹುಡುಕುತ್ತಿದ್ದಳು, ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು.

ವಾರಕ್ಕೆ ಐದೇ ಐದು ಕಲಿತೆವು. ಪರೀಕ್ಷೆಯ ನಾಲ್ಕನೇ ಭಾಗದಲ್ಲಿ ಒಂದು ವಾಕ್ಯದ ಅರ್ಥ ಕೆಡದ ಹಾಗೆ, ಕೊಟ್ಟ ಪದ ಬಳಸಿ ಎರಡರಿಂದ ಐದು ಪದಗಳಲ್ಲಿ ಜಾಗ ತುಂಬಬೇಕು. ಎಡ-ಬಲದ ನೋಟ್‌ಬುಕ್ ಅಲ್ಲಿ ಚೆನ್ನಾಗಿ ಕೈಹಿಡಿಯಿತು. ಪಾಸಾದಳು.

ಈಗಲೂ ಆತುರದಲ್ಲಿ 'ಐ ಆಮ್ ಲುಕಿಂಗ್ ಮೈ ಕೀಸ್' ಅನ್ನುತ್ತಾಳೆ. ಹುಡುಕು ಅನ್ನುವ ಸ್ಪ್ಯಾನಿಷ್ 'ಬುಸ್ಕಾರ್'ಗೆ 'ಫಾರ್' ಬೇಕಿಲ್ಲ ನೋಡಿ. ನಾನು ಮಾತ್ರ ಸ್ಪ್ಯಾನಿಷ್‌ನಲ್ಲಿ ಕೀ ಹುಡುಕುವಾಗ 'ಫಾರ್' ಅನ್ನುವ ಅರ್ಥದ ಒಂದು 'ಪಾರಾ' ಸೇರಿಸಿಬಿಡುತ್ತೇನೆ, ಅವಳು ನಗುತ್ತಾಳೆ.