ಅರಸೊತ್ತಿಗೆಯ ಚರ್ಚೆಗೆ ಸಿದ್ಧರಾಗುವ ಬಗೆ

ತುಮಕೂರಿನ ಕಾಲೇಜು ಚರ್ಚಾಸ್ಪರ್ಧೆಗೆ ಬ್ರಿಟನ್ನಿನ ಅರಸೊತ್ತಿಗೆಯನ್ನು ವಿಷಯವಾಗಿ ಕೊಟ್ಟಿದ್ದರೆ, ಮೊದಲು 2023ರ ಮೇ 6ನ್ನು ಓದಿಕೊಳ್ಳಿರಿ. ಮೂರನೆಯ ಚಾರ್ಲ್ಸ್ ಅವರ ಪಟ್ಟಾಭಿಷೇಕದ ಆ ದಿನ, ‘ಈತ ನನ್ನ ರಾಜನಲ್ಲ’ ಎಂಬ ಹಳದಿ ಫಲಕಗಳ ಪ್ರತಿಭಟನೆ ಆರಂಭವಾಗುವ ಮೊದಲೇ ಲಂಡನ್ ಪೊಲೀಸರು, ರಾಜನ ಬದಲು ಚುನಾಯಿತ ಮುಖ್ಯಸ್ಥರು ಬೇಕೆನ್ನುವ ಗಣರಾಜ್ಯವಾದಿ ಸಂಘಟಕರನ್ನು ಬಂಧಿಸಿ, ಬಳಿಕ ಮೊಕದ್ದಮೆಯಿಲ್ಲದೆ ಬಿಟ್ಟು, ವಿಷಾದವನ್ನೂ ವ್ಯಕ್ತಪಡಿಸಿದರು.

ಅನಂತರ ಅರಸುಪರರ ವಾದವನ್ನು ಅವರೇ ಒಪ್ಪುವಷ್ಟು ನಿಷ್ಠೆಯಿಂದ ಬರೆಯಿರಿ. ಇದೇ ಕಷ್ಟದ ಭಾಗ. ಚುನಾವಣೆಗೆ ನಿಲ್ಲದ ರಾಜನು ಪಕ್ಷಾತೀತನಾಗಿರಬಲ್ಲನೆಂದೂ, ಆಳುವುದು ಹೇಗೂ ಸಂಸತ್ತೇ ಎಂದೂ ಅವರು ಹೇಳುತ್ತಾರೆ. ಪಟ್ಟಾಭಿಷೇಕದ ದಿನದ ಘೋಷಣೆ ಅವರಲ್ಲಿ ಅನೇಕರಿಗೆ ಮದುವೆಮನೆಯಲ್ಲಿ ತೆಗೆದ ಜಗಳದಂತೆ ತೋರಿದರೂ, ಪ್ರತಿಭಟಿಸುವ ಹಕ್ಕನ್ನು ಒಪ್ಪುವ ಅರಸುಪರರೂ ಉಂಟು.

ಸ್ಥಳೀಯ ಉದಾಹರಣೆಗೆಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥವನ್ನು ತರುವವರು ಎಚ್ಚರದಿಂದಿರಬೇಕು: 1938ರಲ್ಲಿ ಅಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ್ದು ನಿಜವಾದರೂ, ಮೈಸೂರು ಕಾಂಗ್ರೆಸ್ ಕೇಳಿದ್ದು ಮಹಾರಾಜರ ಆಶ್ರಯದಲ್ಲೇ ಜನಪ್ರತಿನಿಧಿಗಳಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರವನ್ನು, ಅರಸೊತ್ತಿಗೆಯ ಅಂತ್ಯವನ್ನಲ್ಲ.