ಸನ್ಯಾಸಿನಿಯರ ಮಠಕ್ಕೆ ಪುರಸಭೆ ಬಂದದ್ದು

ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಸನ್ಯಾಸಿನಿಯರ ಹಳೆಯ ಮಠವನ್ನು ಪುರಸಭೆಯಾಗಿ ಮಾರ್ಪಡಿಸಿದ ತಂಡದಲ್ಲಿ ನಾನು ವಾಸ್ತುಶಿಲ್ಪಿಯಾಗಿದ್ದೆ. ಆ ದೇಶಕ್ಕೆ ಇದು ಹೊಸತಲ್ಲ. 1789ರ ನವೆಂಬರಿನಲ್ಲಿ ಚರ್ಚಿನ ಆಸ್ತಿ ರಾಷ್ಟ್ರದ ವಶವಾದ ಮೇಲೆ ಎಷ್ಟೋ ಮಠಗಳು ಜೈಲು, ಬ್ಯಾರಕ್, ಶಾಲೆ, ಕಚೇರಿಗಳಾದವು. ರುವಾನ್ ನಗರದ ಪುರಭವನ ಇವತ್ತಿಗೂ ಇರುವುದು ಹಳೆಯ ಮಠದ ಶಯನಗೃಹದಲ್ಲೇ.

ನಮ್ಮಲ್ಲಿ ಮೊದಲ ಜಗಳ ಬಾಗಿಲಿನದು. ಮೇಲಿನ ಕೋಣೆಗಳ ಬಾಗಿಲು ಇಕ್ಕಟ್ಟು, ಗಾಲಿಕುರ್ಚಿ ನುಗ್ಗುವುದಿಲ್ಲ. ಅಂಗವಿಕಲರಿಗೆ ಅಡ್ಡಿಯಾಗಬಾರದು ಎನ್ನುವ 2005ರ ಕಾನೂನು ಬೇರೆ ಇದೆ. ಎಲ್ಲವನ್ನೂ ಅಗಲ ಮಾಡಿ ಎಂದರು ಕೆಲವರು. ಅಷ್ಟು ಕಲ್ಲಿನ ಚೌಕಟ್ಟು ಕಿತ್ತ ಮೇಲೆ ಮಠ ಎಲ್ಲಿ ಉಳಿಯುತ್ತದೆ? ಜನ ಬರುವ ಕೆಲಸವನ್ನೆಲ್ಲ ಕೆಳಗಿನ ಊಟದ ಪಡಸಾಲೆಗೆ ಇಳಿಸಿದೆವು. ಮೇಲೆ ಲಿಫ್ಟಿನ ಪಕ್ಕದ ಕೆಲವು ಬಾಗಿಲುಗಳನ್ನಷ್ಟೇ ಮುಟ್ಟಿದೆವು. ಲಿಫ್ಟ್ ಕೂಡ ಹಿಂದಿನ ಕಾಲದವರು ಸೇರಿಸಿದ್ದ ಹೊಸ ಭಾಗದಲ್ಲಿ ಕೂತಿತು. ಅದಕ್ಕಾಗಿ ಒಳಾಂಗಳ ಅಗೆದರೆ ಸಮಾಧಿಗಳು ಸಿಕ್ಕಾವು, ಪುರಾತತ್ವದವರು ಬರದೆ ಸಲಿಕೆ ಎತ್ತುವಂತಿಲ್ಲ.

ನಿಜವಾದ ತಲೆನೋವು ಗೋಡೆ. ಹಿಂದೆ ಯಾರೋ ಸಿಮೆಂಟ್ ಗಾರೆ ಬಳಿದಿದ್ದರು. ನೆಲದಿಂದ ಏರಿದ ತೇವಕ್ಕೆ ಹೊರಹೋಗಲು ದಾರಿಯಿರಲಿಲ್ಲ. ಉಳಿಯಿಂದ ಮೆಲ್ಲಗೆ ತಟ್ಟಿದರೆ ಗಾರೆ ಹಪ್ಪಳದಂತೆ ಕಳಚಿ ಬರುತ್ತಿತ್ತು. ಒಳಗೆ ಬಿಳಿ ಉಪ್ಪಿನ ಪುಡಿ, ಬೆರಳಿಟ್ಟರೆ ಉದುರುವ ಕಲ್ಲು. ಅದನ್ನೆಲ್ಲ ಕಿತ್ತು, ಉಪ್ಪು ಕೆರೆದು, ಗೋಡೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆಯನ್ನು ತೆಳುವಾಗಿ ಪದರ ಪದರವಾಗಿ ಹಚ್ಚಿಸಿದೆವು. ಇದಕ್ಕೆ ಅವಸರ ಆಗದು. ಉದ್ಘಾಟನೆಯ ದಿನ ಹಿಡಿದುಕೊಂಡು ಫೋನ್ ಮಾಡುವವರಿಗೆ ಮಾತ್ರ ಇದು ತಿಳಿಯುವುದಿಲ್ಲ. ವೈರುಗಳಿಗಾಗಿ ಗೋಡೆ ಕೊರೆಯಲಿಲ್ಲ. ಮರದ ನೆಲದ ಅಡಿಯಲ್ಲೇ ಎಳೆದೆವು.

ಪ್ರಾರ್ಥನಾಲಯ ಕೌನ್ಸಿಲ್ ಸಭಾಂಗಣವಾಯಿತು. ಕಲ್ಲಿನ ಕಮಾನಿನಡಿ ಹಾಡು ಸೊಗಸು, ಬಜೆಟ್ ಚರ್ಚೆ ಬರೀ ಗದ್ದಲ. ಕಮಾನಿಗೆ ಏನನ್ನೂ ಅಂಟಿಸದೆ ದಪ್ಪ ಪರದೆ, ಮೆತ್ತೆಯ ಕುರ್ಚಿ, ಸಾಲಿಗೊಂದು ಸಣ್ಣ ಸ್ಪೀಕರ್ ಇಟ್ಟು ಸರಿಪಡಿಸಿದೆವು.

ಕೊನೆಯದು ಮದುವೆ ಕೋಣೆ. ಫ್ರಾನ್ಸಿನಲ್ಲಿ ಚರ್ಚ್ ಮದುವೆಯಾಗುವವರೂ ಮೊದಲು ಪುರಸಭೆಯಲ್ಲಿ ಆಗಬೇಕು, ಮದುವೆ ಮುಗಿಯುವವರೆಗೆ ಬಾಗಿಲು ತೆರೆದೇ ಇರಬೇಕು. ನಮ್ಮ ಬಾಗಿಲೋ ಬೆಂಕಿ ತಡೆಯಲು ತಾನಾಗಿ ಮುಚ್ಚಿಕೊಳ್ಳುವಂಥದ್ದು. ಎರಡೂ ಕದಗಳನ್ನು ಹಿಡಿದಿಡುವ ಅಯಸ್ಕಾಂತ ಹಾಕಿಸಿದೆವು: ಅಲಾರಂ ಹೊಡೆದರೆ ಬಿಡುತ್ತದೆ, ಇಲ್ಲವಾದರೆ ಬಾಗಿಲು ತೆರೆದೇ ನಿಲ್ಲುತ್ತದೆ.